ಹೊನ್ನಾವರದ ಶರಾವತಿ ದೋಣಿ ಸವಾರಿ: ರೇಟಿಗಿಂತ ಮೊದಲು ಭರತದ ಹೊತ್ತು ಕೇಳಿ

ಹೊನ್ನಾವರದಲ್ಲಿ ದೋಣಿ ಹತ್ತುವವರು ಮೊದಲು ಕೇಳುವುದು ರೇಟು. ಕೇಳಬೇಕಾದ್ದು ಭರತದ ಹೊತ್ತು, ಅಂದರೆ ಕಡಲು ಉಬ್ಬಿ ಹೊಳೆಯ ನೀರು ಏರುವ ಹೊತ್ತು. ದೋಣಿ ಅದೇ, ನಡೆಸುವವರು ಅವರೇ, ಕೊಡುವ ದುಡ್ಡೂ ಅಷ್ಟೇ. ಆದರೆ ನೀರು ಏರಿರುವಾಗ ಹೋದವರು ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸಂದಿಗೆ ನುಗ್ಗಿ, ಎಲೆ ಭುಜಕ್ಕೆ ಸವರುವಷ್ಟು ಹತ್ತಿರ ಹೋಗಿ ಬರುತ್ತಾರೆ. ನೀರು ಇಳಿದಾಗ ಹೋದವರು ಹೊಳೆಯ ನಡುಮಧ್ಯದಿಂದ ದೂರದ ಹಸಿರು ಗೆರೆ ನೋಡಿ ವಾಪಸ್ಸಾಗುತ್ತಾರೆ. 'ಏನೂ ಇಲ್ಲ, ಬರೀ ನೀರು' ಎಂದು ಬೇಸರ ಮಾಡಿಕೊಂಡು ಹೋದವರಲ್ಲಿ ಹೆಚ್ಚಿನವರು ಇಳಿತದಲ್ಲಿ ಹೋದವರೇ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಬೋರ್ಡುಗಳಲ್ಲಿ 'ಶರಾವತಿ ಬ್ಯಾಕ್‌ವಾಟರ್' ಎಂದೇ ಇರುತ್ತದೆ. ಆ ಹೆಸರನ್ನೇ ಮೊಬೈಲಿನ ನಕ್ಷೆಗೆ ಹಾಕಿದರೆ ಘಟ್ಟದ ಮೇಲಿನ ಲಿಂಗನಮಕ್ಕಿ ಹಿನ್ನೀರಿಗೆ, ಸಿಗಂದೂರಿನ ಕಡೆಗೆ ದಾರಿ ತೋರಿಸುವುದುಂಟು. ಹೊನ್ನಾವರದಲ್ಲಿರುವುದು ಅಣೆಕಟ್ಟಿನ ಹಿನ್ನೀರಲ್ಲ, ಅಳಿವೆ. ಹೊಳೆಯ ಸಿಹಿನೀರು ಕೆಳಗಿಳಿದು, ಕಡಲಿನ ಉಪ್ಪುನೀರು ಒಳಗೇರಿ, ಎರಡೂ ದಿನಕ್ಕೆರಡು ಸಲ ಒಂದನ್ನೊಂದು ತಳ್ಳಾಡುವ ಜಾಗ. ಈ ತಳ್ಳಾಟ ಅರ್ಥವಾದರೆ ಸವಾರಿಯ ಮುಕ್ಕಾಲು ಪಾಲು ಗೆದ್ದ ಹಾಗೆ.

ಯಾರಿಗೆ ಇದು ಹೊಂದುತ್ತದೆ? ಮುರುಡೇಶ್ವರಕ್ಕೆ ಹೋಗುತ್ತಾ, ಜೋಗದಿಂದ ಗೇರುಸೊಪ್ಪೆ ಘಟ್ಟ ಇಳಿದು ಬರುತ್ತಾ, ಅಥವಾ ಗೋವಾ–ಮಂಗಳೂರು ಹೆದ್ದಾರಿಯ ನಡುವೆ ಅರ್ಧ ದಿನ ಬಿಡುವಿರುವವರಿಗೆ. ದೋಣಿಗೆ ಒಂದರಿಂದ ಒಂದೂವರೆ ತಾಸು, ಕಾಂಡ್ಲಾ ನಡಿಗೆದಾರಿಗೆ ಮುಕ್ಕಾಲು ತಾಸು, ಕಾಯುವುದು, ಜಾಕೆಟ್ ಹಾಕುವುದು, ಹತ್ತಿ ಇಳಿಯುವುದು ಎಲ್ಲ ಸೇರಿಸಿ ಮೂರು ತಾಸು ಇಟ್ಟುಕೊಳ್ಳಿ. ಹಡಗಿನ ಪ್ರವಾಸದಲ್ಲಿ ಗೋವೆಯ ಮುರಗಾಂವ್ ಬಂದರಿನಲ್ಲಿ ಒಂದೇ ಹಗಲು ಸಿಗುವವರು ಮಾತ್ರ ಹೊನ್ನಾವರದ ಆಸೆ ಬಿಡುವುದು ಒಳ್ಳೆಯದು. ಕಾರವಾರದಿಂದಲೇ ಇದು ಇನ್ನೂ ಸುಮಾರು 90 ಕಿಲೋಮೀಟರ್. ಹೋಗಿ ಬರುವುದರಲ್ಲೇ ಹಗಲು ಮುಗಿಯುತ್ತದೆ, ಹಡಗು ಯಾರಿಗೂ ಕಾಯುವುದಿಲ್ಲ. ಅಂಥವರಿಗೆ ಕಾರವಾರದ ಕಾಳಿ ನದಿಯೇ ಸರಿ. ಅದರ ಮಾತು ಮುಂದೆ ಬರುತ್ತದೆ.

ಈಗ ಭರತದ ಲೆಕ್ಕ. ಇದಕ್ಕೆ ಆ್ಯಪ್ ಇಲ್ಲದಿದ್ದರೂ ನಡೆಯುತ್ತದೆ, ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್ ಸಾಕು. ಈ ಕರಾವಳಿಯಲ್ಲಿ ಅಮಾವಾಸ್ಯೆ ಮತ್ತು ಹುಣ್ಣಿಮೆಯ ದಿನ ಭರತ ಏರುವುದು ಸುಮಾರಾಗಿ ನಡುಹಗಲು ಮತ್ತು ನಡುರಾತ್ರಿಯ ಆಸುಪಾಸಿನಲ್ಲಿ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ತಾಸು 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ 50 ನಿಮಿಷದಷ್ಟು ಮುಂದೆ ಹೋಗುತ್ತದೆ. ಹುಣ್ಣಿಮೆ ಕಳೆದು ಚೌತಿ–ಪಂಚಮಿಗೆ ಭರತ ಮಧ್ಯಾಹ್ನ ಮೂರು–ನಾಲ್ಕರ ಹೊತ್ತಿಗೆ ಸರಿದಿರುತ್ತದೆ. ಅಷ್ಟಮಿಗೆ ಬೆಳಗಿನ ಜಾವ ಮತ್ತು ಮುಸ್ಸಂಜೆ. ಅಂದರೆ ಅಷ್ಟಮಿಯ ಮಧ್ಯಾಹ್ನ ಹನ್ನೆರಡಕ್ಕೆ ದೋಣಿ ಹತ್ತಿದವರಿಗೆ ಸಿಗುವುದು ಪೂರ್ತಿ ಇಳಿತ. ಏಕಾದಶಿಯಿಂದ ಚತುರ್ದಶಿಯವರೆಗಿನ ನಾಲ್ಕು ದಿನ ಭರತ ಬೆಳಿಗ್ಗೆ ಎಂಟು ಗಂಟೆಯಿಂದ ಹನ್ನೊಂದರ ಒಳಗೆ ಬೀಳುತ್ತದೆ. ಶುಕ್ಲಪಕ್ಷವಾಗಲಿ ಕೃಷ್ಣಪಕ್ಷವಾಗಲಿ, ಬೆಳಗಿನ ಸವಾರಿಗೆ ಹೇಳಿ ಮಾಡಿಸಿದ ದಿನಗಳು ಇವು. ತಿಂಗಳಿಗೆ ಎಂಟು ದಿನ ಸಿಕ್ಕಂತಾಯಿತು. ಇದು ಅಂದಾಜಿನ ಲೆಕ್ಕ, ಅರ್ಧ–ಮುಕ್ಕಾಲು ತಾಸು ಹಿಂದೆಮುಂದೆ ಆಗುತ್ತದೆ. ಹೊಳೆಯ ಮೇಲ್ಭಾಗಕ್ಕೆ ಹೋದಷ್ಟೂ ಭರತ ತಡವಾಗಿ ಮುಟ್ಟುತ್ತದೆ. ಹಿಂದಿನ ದಿನ ದೋಣಿಯವರಿಗೆ ಫೋನ್ ಮಾಡಿ, "ಅಣ್ಣ, ನಾಳೆ ಭರತ ಎಷ್ಟೊತ್ತಿಗೆ? ಕಾಂಡ್ಲಾ ಒಳಗೆ ದೋಣಿ ಹೋಗೂದು ಎಷ್ಟೊತ್ತಿಗೆ?" ಎಂದು ಎರಡೂ ಪ್ರಶ್ನೆ ಕೇಳಿ. ತಡಬಡಿಸದೆ ಹೊತ್ತು ಹೇಳಿದರೆ ಅವರ ದೋಣಿಯನ್ನೇ ಗೊತ್ತು ಮಾಡಿ. 'ನೀವು ಯಾವಾಗ ಬಂದ್ರೂ ಅಡ್ಡಿಲ್ಲ' ಎಂದರೆ ಬೇರೆಯವರನ್ನು ವಿಚಾರಿಸಿ.

ಹೊರಡಬೇಕಾದ್ದು ಭರತ ತುಂಬುವುದಕ್ಕೆ ಒಂದೂವರೆ ತಾಸು ಮೊದಲು. ಆಗ ಏರುವ ನೀರು ದೋಣಿಯನ್ನು ಮೇಲಕ್ಕೆ ತಳ್ಳುತ್ತದೆ, ಇಂಜಿನ್ನಿಗೆ ಹೊರೆ ಕಡಿಮೆ, ಸದ್ದೂ ಕಡಿಮೆ. ಕಾಂಡ್ಲಾ ನಡುವೆ ಹಾಯುವ ಕಿರುಗಾಲುವೆಯ, ಅಂದರೆ ತೋಡಿನ, ಬಾಯಿ ಮುಟ್ಟುವ ಹೊತ್ತಿಗೆ ನೀರು ತುಂಬಿ ನಿಂತಿರುತ್ತದೆ. ಏರೂ ಇಲ್ಲದ ಇಳಿವೂ ಇಲ್ಲದ ಆ ಇಪ್ಪತ್ತು–ಮೂವತ್ತು ನಿಮಿಷವೇ ಇಡೀ ಸವಾರಿಯ ತಿರುಳು. ಮರಳುವಾಗ ಇಳಿತದ ಸೆಳವು ನಿಮ್ಮನ್ನು ಜೆಟ್ಟಿಗೆ ತಂದು ಬಿಡುತ್ತದೆ.

ಗಾಳಿಯ ಲೆಕ್ಕವೂ ಇದೆ. ಹನ್ನೊಂದು–ಹನ್ನೆರಡರ ನಂತರ ಕಡಲಗಾಳಿ ಪಡುವಣದಿಂದ ಮೂಡಣಕ್ಕೆ ಬೀಸತೊಡಗುತ್ತದೆ, ಮೂರರ ಸುಮಾರಿಗೆ ಜೋರು. ಇಳಿತದ ನೀರು ಮೂಡಣದಿಂದ ಪಡುವಣಕ್ಕೆ ಓಡುತ್ತದೆ. ಇವೆರಡೂ ಎದುರುಬದುರಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಎದ್ದು ನಿಲ್ಲುತ್ತದೆ. ಮುಂದಿನ ಸಾಲಿನಲ್ಲಿ ಕೂತವರ ಮೊಬೈಲು, ಮೈ ಎಲ್ಲ ಒದ್ದೆ. ಅಪಾಯ ಅಂತಲ್ಲ, ಆದರೆ ವಯಸ್ಸಾದವರಿಗೆ ಸೊಂಟ ನೋಯುವಷ್ಟು ಕುಲುಕಾಟ. ಮಧ್ಯಾಹ್ನ ಇಳಿತವಿರುವ ದಿನ, ಮೂರರಿಂದ ಐದರ ನಡುವಿನ ಸವಾರಿಯನ್ನು ನಿಸ್ಸಂಕೋಚವಾಗಿ ಬೇಡ ಎನ್ನಿ. ಸೂರ್ಯಾಸ್ತದ ಸವಾರಿ ಬೇಕೇ ಬೇಕೆನ್ನುವವರು ಸಪ್ತಮಿ–ಅಷ್ಟಮಿಯ ಸಂಜೆ ಹಿಡಿಯಿರಿ, ಆಗ ಭರತ ಮುಸ್ಸಂಜೆಗೆ ಬರುತ್ತದೆ. ಆ ದಿನಗಳಲ್ಲಿ ನೀರು ಏರುವ ಎತ್ತರವೇ ಕಡಿಮೆ, ತೋಡಿನ ಒಳಗೆ ಪೂರ್ತಿ ಹೋಗಲಾಗದು. ಆದರೆ ಬೆಳಕು ಚೆನ್ನಾಗಿರುತ್ತದೆ.

ದೋಣಿಗಳಲ್ಲಿ ಎರಡು ಜಾತಿ. ಫೈಬರ್ ಮೈಯ, ಮೇಲೆ ನೆರಳಿನ ಹೊದಿಕೆ ಇರುವ, ಹಿಂದೆ ಸಣ್ಣ ಔಟ್‌ಬೋರ್ಡ್ ಇಂಜಿನ್ ಕಟ್ಟಿದ ನಿಧಾನದ ದೋಣಿ ಒಂದು. ರಭಸದ ಸ್ಪೀಡ್ ಬೋಟ್ ಇನ್ನೊಂದು. ಮೊದಲನೆಯದನ್ನೇ ಆರಿಸಿ. ಸ್ಪೀಡ್ ಬೋಟಿನಲ್ಲಿ ಹತ್ತು ನಿಮಿಷದ ಖುಷಿಯುಂಟು, ನೋಡಲು ಏನೂ ಸಿಗದು. ಅದರ ಅಲೆ ಹೋಗಿ ಬಡಿಯುವುದು ದಂಡೆಯ ಎಳೆ ಕಾಂಡ್ಲಾ ಸಸಿಗಳ ಬುಡಕ್ಕೆ, ಬಲೆ ಬಿಟ್ಟು ಕೂತ ಪಾತಿ ದೋಣಿಯವರ ಮೈಗೆ. ರೇಟು ಕೇಳುವಾಗ ಇದು ಇಡೀ ದೋಣಿಗೋ ತಲೆಗೋ, ಎಷ್ಟು ನಿಮಿಷಕ್ಕೆ, ಕಾಂಡ್ಲಾ ಒಳಗೆ ಇಂಜಿನ್ ನಿಲ್ಲಿಸಿ ಕಾಯುವ ಹೊತ್ತು ಅದರಲ್ಲಿ ಸೇರಿದೆಯೋ ಎಂದು ಬಿಡಿಸಿ ಕೇಳಿ. ತಲೆ ಲೆಕ್ಕದ ದೋಣಿ ತುಂಬುವವರೆಗೂ ಹೊರಡುವುದಿಲ್ಲ, ಆ ಕಾಯುವಿಕೆಯಲ್ಲೇ ಭರತ ತಪ್ಪಿಹೋಗುತ್ತದೆ. ನಾಲ್ಕೈದು ಜನರಿದ್ದರೆ ಇಡೀ ದೋಣಿ ಹಿಡಿಯುವುದೇ ಲಾಭ.

ಹತ್ತುವ ಮೊದಲು ದಂಡೆಯಲ್ಲೇ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ದೋಣಿಯ ಮೈಮೇಲೆ ನೋಂದಣಿ ಸಂಖ್ಯೆ, ಎಷ್ಟು ಜನರಿಗೆ ಪರವಾನಿಗೆ ಎಂಬುದು ಬರೆದಿದೆಯೇ? 2021ರ ಒಳನಾಡು ಹಡಗುಗಳ ಕಾಯ್ದೆಯ ಪ್ರಕಾರ ಯಂತ್ರ ಹಾಕಿ ಓಡಿಸುವ ದೋಣಿಗೆ ನೋಂದಣಿ, ತಪಾಸಣೆ ಎರಡೂ ಬೇಕು. ಎಲ್ಲರೂ ಕೂತ ಮೇಲೆ ದೋಣಿಯ ಅಂಚಿಗೂ ನೀರಿಗೂ ನಡುವೆ ಕಡಿಮೆಯೆಂದರೂ ಒಂದೂವರೆ ಗೇಣು ಉಳಿದಿರಬೇಕು. ಉಳಿಯದಿದ್ದರೆ ಇಬ್ಬರು ಇಳಿಯಬೇಕು, ಅಲ್ಲಿ ದಾಕ್ಷಿಣ್ಯ ಬೇಡ. ಇಂಜಿನ್ ಶುರುವಾದ ಕೂಡಲೇ ಅದರ ಹಿಂಬದಿಯಿಂದ ನೀರಿನ ಒಂದು ತೆಳು ಎಳೆ ಚಿಮ್ಮುತ್ತದೆ, ಅದನ್ನು ನೋಡಿ. ಇಂಜಿನ್ನನ್ನು ತಂಪಿಡುವ ನೀರು ಅದು. ಎಳೆ ಗಟ್ಟಿಯಾಗಿ, ಬಿಡದೆ ಬರುತ್ತಿದ್ದರೆ ಸರಿ. ತೊಟ್ಟಿಕ್ಕುತ್ತಿದ್ದರೆ, ನಿಂತು ನಿಂತು ಬರುತ್ತಿದ್ದರೆ ಒಳಗೆ ಕೆಸರೋ ಪ್ಲಾಸ್ಟಿಕ್ಕೋ ಸಿಕ್ಕಿದೆ ಎಂದರ್ಥ, ಹೊಳೆಯ ನಡುವೆ ಬಿಸಿಯಾಗಿ ನಿಲ್ಲುತ್ತದೆ. ಇಂಜಿನ್ನಿಗೆ ಸಿಕ್ಕಿಸಿದ ಕೆಂಪು ಸುರುಳಿ ದಾರದ ಇನ್ನೊಂದು ತುದಿ ನಡೆಸುವವರ ಕೈಗೋ ಸೊಂಟಕ್ಕೋ ಕಟ್ಟಿರಬೇಕು. ಅವರು ಆಯತಪ್ಪಿ ಬಿದ್ದರೆ ದಾರ ಕಿತ್ತು ಇಂಜಿನ್ ತಾನೇ ನಿಲ್ಲಲೆಂದು ಇರುವ ದಾರ ಅದು. ಒಂದು ಜೊತೆ ಹುಟ್ಟು, ಒಂದು ಉದ್ದದ ಗಳೆ ದೋಣಿಯಲ್ಲಿ ಇರಲೇಬೇಕು.

ಲೈಫ್ ಜಾಕೆಟ್ ಎಲ್ಲರೂ ಕೊಡುತ್ತಾರೆ, ಸರಿಯಾಗಿ ಹಾಕಿಸುವವರು ಕಡಿಮೆ. ಮೇಲಿನಿಂದ ಕೆಳಗಿನವರೆಗೆ ಎಲ್ಲ ಬಕಲ್ ಹಾಕಿ ಪಟ್ಟಿ ಬಿಗಿಯಿರಿ. ಆಮೇಲೆ ಜೊತೆಯವರೊಬ್ಬರು ಭುಜದ ಮೇಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲದ ಮಟ್ಟದಲ್ಲೇ ನಿಂತರೆ ಸರಿ, ಕಿವಿಗಿಂತ ಮೇಲೆ ಬಂದರೆ ಸಡಿಲ. ನೀರಿನಲ್ಲಿ ಅದು ತಲೆ ದಾಟಿ ಕಳಚಿಕೊಳ್ಳುತ್ತದೆ. ಮಕ್ಕಳಿಗೆ ದೊಡ್ಡವರ ಜಾಕೆಟ್ ಹಾಕಿ ದಾರ ಸುತ್ತುವುದು ಬೇಡವೇ ಬೇಡ. ಒಳಗೆ ಎಷ್ಟು ಕಿಲೋ ತೂಕದವರಿಗೆ ಎಂದು ಅಚ್ಚಾಗಿರುತ್ತದೆ, ಓದಿ ಹಾಕಿ. ಕಾಲು ಸಂದಿಯ ಪಟ್ಟಿಯಿದ್ದರೆ ಮಕ್ಕಳಿಗೆ ಅದನ್ನು ಬಿಡದೆ ಕಟ್ಟಿ. 'ಸೆಕೆ ಆಗ್ತದೆ' ಎಂದು ನಡುದಾರಿಯಲ್ಲಿ ಬಿಚ್ಚುವವರನ್ನು ತಡೆಯದ ದೋಣಿಯವರು ಎಷ್ಟೇ ನಯವಾಗಿ ಮಾತಾಡಲಿ, ಅವರಿಗೆ ಅಂಕ ಕಡಿಮೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಈ ಜಿಲ್ಲೆಯ ಕರಾವಳಿಯಲ್ಲಿ ಆ ದಿನವನ್ನು ಮರೆತವರಿಲ್ಲ.

ಹತ್ತುವುದಕ್ಕೂ ಒಂದು ಕ್ರಮವಿದೆ. ಮೆಟ್ಟಿಲುಗಳಲ್ಲಿ ಭರತದ ಗೆರೆಯವರೆಗೆ ಪಾಚಿ, ಅದರ ಕೆಳಗೆ ಕಲ್ಲಿಗೆ ಕಚ್ಚಿದ ಚಿಪ್ಪುಗಳು. ಪಾಚಿ ಜಾರಿಸುತ್ತದೆ, ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಬರಿಗಾಲು ಬೇಡ, ಹಿಂಬದಿ ಪಟ್ಟಿಯಿರುವ ಸ್ಯಾಂಡಲ್ ಇರಲಿ. ದೋಣಿಯ ಅಂಚಿನ ಮೇಲೆ ಕಾಲಿಡಬೇಡಿ, ನೇರ ನಡುಭಾಗಕ್ಕೆ ಇಡಿ. ಕೈ ಕೊಟ್ಟವರ ಅಂಗೈ ಹಿಡಿಯುವ ಬದಲು ಮಣಿಕಟ್ಟು ಹಿಡಿಯಿರಿ, ಒದ್ದೆಗೈ ಜಾರುತ್ತದೆ. ಮೊದಲು ಹತ್ತಿದವರು ಕೂತ ಮೇಲೆ ಮುಂದಿನವರು ಹತ್ತಬೇಕು. ಭಾರ ಎರಡೂ ಬದಿಗೆ ಸಮನಾಗಿರಬೇಕು. ಎಲ್ಲರೂ ಒಂದೇ ಬದಿಗೆ ವಾಲಿ ಫೋಟೋ ತೆಗೆಯುವ ಕ್ಷಣವೇ ಸಣ್ಣ ದೋಣಿಗೆ ಕಷ್ಟದ ಕ್ಷಣ.

ದಾರಿಯ ವಿಷಯಕ್ಕೆ ಬರೋಣ. ಬಡಗಣ ದಂಡೆಯಲ್ಲಿ ಹೊನ್ನಾವರ, ತೆಂಕಣ ದಂಡೆಯಲ್ಲಿ ಕಾಸರಕೋಡು. ಹೆದ್ದಾರಿ ಸೇತುವೆ ಅಳಿವೆಯ ಬಾಯಿಗೆ ಹತ್ತಿರ, ರೈಲು ಸೇತುವೆ ಅದರ ಮೇಲ್ಗಡೆ. ರೈಲು ಸೇತುವೆಯ ಉದ್ದ 2 ಕಿಲೋಮೀಟರಿಗೂ ಚೂರು ಹೆಚ್ಚು, ಕೊಂಕಣ ರೈಲು ಮಾರ್ಗದ ಅತಿ ಉದ್ದದ ಸೇತುವೆ ಇದೇ. ದೋಣಿಯಲ್ಲಿ ಕೂತು ತಲೆಯೆತ್ತಿ ನೋಡಿದಾಗ ಮೇಲಿಂದ ಗೂಡ್ಸ್ ಗಾಡಿ ದಾಟಿದರೆ, ಸದ್ದು ಮೊದಲು ಕಂಬದ ಮೂಲಕ ನೀರಿಗಿಳಿದು ಆಮೇಲೆ ಕಿವಿಗೆ ಬಂದಂತೆ ಕೇಳುತ್ತದೆ. ಅಲ್ಲಿಂದ ಮುಂದೆ ಕುರ್ವೆಗಳ ಲೋಕ. ಹೊಳೆಯ ನಡುವಿನ ದ್ವೀಪಕ್ಕೆ ಈ ಕಡೆ ಕುರ್ವೆ ಎನ್ನುತ್ತಾರೆ. ಮಾವಿನಕುರ್ವೆ ಅವುಗಳಲ್ಲಿ ಹೆಸರಾದದ್ದು. ತೆಂಗಿನ ತೋಟ, ನೀರಿಗೆ ಇಳಿದ ಕಲ್ಲಿನ ಮೆಟ್ಟಿಲು, ಮೆಟ್ಟಿಲಿಗೆ ಕಟ್ಟಿದ ಪಾತಿ. ಕುರ್ವೆಯ ಜನರ ಅಂಗಳಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಕೇಳಿ. ಅವರು ಬಟ್ಟೆ ಒಗೆಯುವ, ಮೀನು ಶುಚಿ ಮಾಡುವ ಜಾಗ ಅದು.

ಆಮೇಲೆ ಕಾಂಡ್ಲಾ. ತೋಡಿನ ಬಾಯಿಗೆ ಬಂದ ಕೂಡಲೇ ಒಳ್ಳೆಯ ದೋಣಿಯವರು ಇಂಜಿನ್ ನಿಲ್ಲಿಸಿ ಮೇಲಕ್ಕೆತ್ತಿ, ಗಳೆ ಊರಿ ಒಳಗೆ ನೂಕುತ್ತಾರೆ. ನಿಲ್ಲಿಸದಿದ್ದರೆ ನೀವೇ ಕೇಳಿ, ನಾಚಿಕೆ ಬೇಡ. ಸದ್ದು ನಿಂತ ಎರಡು ನಿಮಿಷಕ್ಕೆ ಮಿಂಚುಳ್ಳಿ ಕೊಂಬೆಗೆ ವಾಪಸ್ ಬರುತ್ತದೆ, ಏಡಿಗಳು ಬೇರಿನ ಮೇಲೆ ಹತ್ತುವ ಟಿಕ್ ಟಿಕ್ ಸದ್ದು ಕೇಳತೊಡಗುತ್ತದೆ.

ಇಲ್ಲಿ ಕಾಣುವ ಗಿಡಗಳು ಒಂದೇ ಬಗೆಯವಲ್ಲ. ಕಾಂಡದಿಂದಲೇ ಕಮಾನಿನಂತೆ ಬೇರು ಇಳಿಬಿಟ್ಟು, ಹತ್ತಾರು ಕಾಲೂರಿ ನಿಂತದ್ದು ರೈಜೋಫೊರಾ. ಅದರ ಕೊಂಬೆಯಿಂದ ತೊಂಡೆಯ ಬಣ್ಣದ, ಮೊಳದುದ್ದದ ಕೋಲುಗಳು ಜೋತುಬಿದ್ದಿರುತ್ತವೆ. ನುಗ್ಗೆಕೋಡು ಎಂದುಕೊಳ್ಳುವವರೇ ಹೆಚ್ಚು. ಅದು ಕಾಯಿಯೂ ಅಲ್ಲ, ಕೋಡೂ ಅಲ್ಲ, ಸಸಿ. ಬೀಜ ತಾಯಿಗಿಡದಲ್ಲಿರುವಾಗಲೇ ಮೊಳೆತು, ಮೊಳೆತದ್ದೇ ಕೋಲಿನಂತೆ ಬೆಳೆದು, ತೂಕ ತುಂಬಿದ ಮೇಲೆ ಕಳಚಿ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ಕೆಸರಿಗೆ ನೆಟ್ಟಗೆ ನಾಟಿಕೊಳ್ಳಬಹುದು. ಭರತದಲ್ಲಿ ಬಿದ್ದರೆ ತೇಲಿ ಎಲ್ಲೋ ದಂಡೆ ಹಿಡಿಯುತ್ತದೆ. ಉಪ್ಪುನೀರಿನಲ್ಲಿ ಬೀಜ ಮೊಳೆಯುವ ಕಷ್ಟವನ್ನು ತಾಯಿಗಿಡವೇ ನೀಗಿಸಿ ಕಳಿಸುವ ಉಪಾಯವಿದು. ಇಂಥದೇ ಇನ್ನೊಂದು ಗಿಡಕ್ಕೆ ಸಸ್ಯಶಾಸ್ತ್ರದಲ್ಲಿ 'ಕ್ಯಾಂಡೆಲಿಯಾ' ಎಂದೇ ಹೆಸರು, ಮಲಯಾಳದ 'ಕಂಡಲ್' ಮಾತಿನಿಂದ ಹೋದದ್ದು. ನಮ್ಮ 'ಕಾಂಡ್ಲಾ'ಕ್ಕೆ ಅದು ಎಷ್ಟು ಹತ್ತಿರ ಎಂಬುದು ಕಿವಿಗೇ ಗೊತ್ತಾಗುತ್ತದೆ.

ಬುಡದ ಸುತ್ತ ಸಾವಿರಾರು ಪೆನ್ಸಿಲ್ ಚುಚ್ಚಿಟ್ಟಂತೆ ಬೇರು ಮೇಲಕ್ಕೆ ನಿಂತದ್ದು ಅವಿಸೆನಿಯಾ. ಕೆಸರಿನೊಳಗೆ ಗಾಳಿಯಿಲ್ಲದ್ದರಿಂದ ಉಸಿರಿಗಾಗಿ ಬೇರನ್ನು ಮೇಲಕ್ಕೆ ಕಳಿಸುತ್ತದೆ. ಅದರ ಒಂದು ಎಲೆಯನ್ನು ಕೀಳದೆ, ಹಾಗೇ ಬಗ್ಗಿಸಿ ಬೆಳಕಿಗೆ ಹಿಡಿಯಿರಿ. ಬಿಸಿಲೇರಿದ ಮೇಲೆ ಎಲೆಯ ಮೈಯಲ್ಲಿ ಸಕ್ಕರೆ ಹರಳಿನಂಥ ಕಣಗಳು ಹೊಳೆಯುತ್ತವೆ. ಬೆರಳಿಗೆ ಅಂಟಿಸಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪು. ಹೀರಿದ ಉಪ್ಪನ್ನು ಗಿಡ ಎಲೆಯ ಮೂಲಕ ಹೊರಹಾಕಿದ್ದು ಅದು. ಮಕ್ಕಳಿಗೆ ಹತ್ತು ಪುಟದ ಪಾಠ ಹೇಳುವ ಬದಲು ಈ ಒಂದು ಎಲೆ ತೋರಿಸಿ. ಆದರೆ ಸಿಕ್ಕ ಸಿಕ್ಕ ಎಲೆಗೆ ಕೈ ಹಾಕಬೇಡಿ. ಮುರಿದರೆ ಹಾಲು ಒಸರುವ ಒಂದು ಕಾಂಡ್ಲಾ ಜಾತಿಯಿದೆ, ಅದರ ಹಾಲು ಚರ್ಮಕ್ಕೆ ಬಿದ್ದರೆ ಬೊಬ್ಬೆ, ಕಣ್ಣಿಗೆ ಬಿದ್ದರೆ ಸ್ವಲ್ಪ ಕಾಲ ದೃಷ್ಟಿಯೇ ಹೋಗಬಹುದು. ದಂಡೆಯಂಚಿನಲ್ಲಿ ಮುಳ್ಳೆಲೆಯ, ನೇರಳೆ ಹೂವಿನ ಪೊದೆ ಕಂಡರೆ ಅದು ಹೊಳೆಚುಳ್ಳಿ.

ಶರಾವತಿಯ ಒಂದು ಗುಣವನ್ನು ಜೊತೆಗೆ ಬರುವ ಗೈಡುಗಳು ಹೇಳುವುದೇ ಇಲ್ಲ, ಹೇಳಬೇಕಾದ ಮುಖ್ಯ ಮಾತೇ ಅದು. ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆ ಅಣೆಕಟ್ಟುಗಳಿವೆ. ವಿದ್ಯುತ್ ತೆಗೆದ ಮೇಲೆ ನೀರನ್ನು ಬೇಸಿಗೆಯಲ್ಲೂ ಹೊಳೆಗೆ ಬಿಡುತ್ತಾರೆ. ಹಾಗಾಗಿ ಏಪ್ರಿಲ್–ಮೇ ತಿಂಗಳಲ್ಲೂ ಈ ಅಳಿವೆಗೆ ಸಿಹಿನೀರು ಬರುತ್ತಲೇ ಇರುತ್ತದೆ, ಉಪ್ಪು ಇರಬೇಕಾದಷ್ಟು ಏರುವುದಿಲ್ಲ. ಉಪ್ಪು ಬೇಡುವ ಬಳಚಿನಂಥ ಚಿಪ್ಪುಜೀವಿಗಳು ಇಲ್ಲಿ ಕಡಿಮೆಯಾದದ್ದು ಹೀಗೆ. ಕುಮಟಾ ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ, ಬಳಚು ಹೆಕ್ಕುವವರ ಸಾಲು ಅಲ್ಲಿ ಇಂದಿಗೂ ಕಾಣುತ್ತದೆ. ಇಪ್ಪತ್ತು ಕಿಲೋಮೀಟರ್ ಅಂತರದ ಎರಡು ಹೊಳೆಗಳ ಅಡುಗೆಮನೆಯೇ ಬೇರೆಯಾಗಿರುವುದಕ್ಕೆ ಕಾರಣ ಘಟ್ಟದ ಮೇಲಿನ ಗೋಡೆ. ಇಷ್ಟನ್ನು ವಿವರಿಸುವ ಗೈಡ್ ಸಿಕ್ಕರೆ ಅವರಿಗೆ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರೂ ನಷ್ಟವಿಲ್ಲ. 'ಇಲ್ಲಿ ಶೂಟಿಂಗ್ ಆಗಿತ್ತು' ಎಂಬಲ್ಲಿಗೇ ಮಾತು ಮುಗಿಸುವವರು ದೋಣಿ ನಡೆಸುವವರು, ಗೈಡ್ ಅಲ್ಲ. ಗೊತ್ತು ಮಾಡುವಾಗಲೇ ಇಬ್ಬರು ಬರುತ್ತಾರೋ ಒಬ್ಬರೋ ಎಂದು ಕೇಳಿಕೊಳ್ಳಿ. ಇಂಜಿನ್ ಹಿಡಿದವರೇ ವಿವರಣೆಯನ್ನೂ ಕೊಡುವುದಾದರೆ, ಮಾತು ಇಂಜಿನ್ ನಿಂತಾಗ ಮಾತ್ರ ಕೇಳಿಸುತ್ತದೆ.

ಏನು ಕೆಡುತ್ತದೆ ಎಂಬುದನ್ನೂ ತಿಳಿದಿರಬೇಕು. ಹೆಚ್ಚಾಗಿ ಆಗುವುದು ಮರಳ ದಿಬ್ಬಕ್ಕೆ ತಾಗಿ ನಿಲ್ಲುವುದು. ಪ್ರತಿ ಮಳೆಗಾಲ ದಿಬ್ಬಗಳು ಜಾಗ ಬದಲಿಸುತ್ತವೆ, ಅಕ್ಟೋಬರಿನಲ್ಲಿ ದೋಣಿಯವರೇ ಹೊಸದಾಗಿ ದಾರಿ ಕಲಿಯುತ್ತಿರುತ್ತಾರೆ. ಭರತ ಏರುತ್ತಿರುವಾಗ ತಾಗಿದರೆ ಹತ್ತು ನಿಮಿಷ ಸುಮ್ಮನೆ ಕೂತರೆ ನೀರೇ ಎತ್ತುತ್ತದೆ. ಇಳಿತದಲ್ಲಿ ತಾಗಿದರೆ ಪ್ರತಿ ನಿಮಿಷವೂ ನಷ್ಟ. ಕೂಡಲೇ ಇಂಜಿನ್ ಎತ್ತಿ, ತಾಗದ ತುದಿಗೆ ಭಾರ ಸರಿಸಿ, ಗಳೆಯಿಂದ ನೂಕಬೇಕು. ಸಹಾಯ ಮಾಡುತ್ತೇನೆಂದು ನೀರಿಗೆ ಹಾರಬೇಡಿ. ಒಂದು ಹೆಜ್ಜೆ ಗಟ್ಟಿ ಮರಳು, ಮುಂದಿನ ಹೆಜ್ಜೆ ಮೊಣಕಾಲಿನ ಕೆಸರು, ಮರಳು ತೆಗೆದ ಕಡೆಯಾದರೆ ಆಳದ ಹೊಂಡ. ಎರಡನೆಯದು ಪ್ರೊಪೆಲ್ಲರಿಗೆ ಬಲೆಯ ಹಗ್ಗ ಸುತ್ತುವುದು. ನೀರಿನ ಮೇಲೆ ಸಾಲಾಗಿ ತೇಲುವ ಥರ್ಮೋಕೋಲ್ ತುಂಡು, ಖಾಲಿ ಬಾಟಲಿ ಕಂಡರೆ ಅದರ ಕೆಳಗೆ ಬಲೆಯಿದೆ. ನೀವು ಮೊದಲು ಕಂಡರೆ ಹೇಳಿ. ಕಡಿದ ಬಲೆ ಯಾರದೋ ಮನೆಯ ಅಂದಿನ ದುಡಿಮೆ. ಮೂರನೆಯದು, ಅಳಿವೆಯ ಬಾಯಿ ದಾಟಿಸಿ ಎಂಬ ಪ್ರವಾಸಿಗರ ಒತ್ತಾಯ. ಹೊರಗೆ ಬಸವರಾಜದುರ್ಗದ ದ್ವೀಪ ಕಾಣುತ್ತದೆ, ಆಸೆಯಾಗುವುದು ಸಹಜ. ಆದರೆ ಹೂಳು ತುಂಬಿದ ಆ ಬಾಯಲ್ಲಿ ಅಲೆ ಮುರಿಯುತ್ತದೆ, ಮೀನುಗಾರಿಕೆಯ ದೊಡ್ಡ ಬೋಟುಗಳೇ ಅಲ್ಲಿ ಪೆಟ್ಟು ತಿಂದಿವೆ. ಹೊಳೆಯ ದೋಣಿಗೆ ಅದು ಜಾಗವಲ್ಲ. ಹೆಚ್ಚು ದುಡ್ಡಿಗೆ ಒಪ್ಪಿ ಹೊರಟವರ ದೋಣಿಯಿಂದ ಇಳಿದುಬಿಡಿ. ತುರ್ತಿಗೆ 112 ಸಂಖ್ಯೆಯನ್ನು ಹತ್ತುವ ಮೊದಲೇ ಮೊಬೈಲಿನಲ್ಲಿ ಇಟ್ಟುಕೊಂಡಿರಿ.

ಕಾಸರಕೋಡಿನ ಕಾಂಡ್ಲಾವನದ ನಡಿಗೆದಾರಿ ಅರಣ್ಯ ಇಲಾಖೆಯದು. ಕಾಂಡ್ಲಾ ಗಿಡಗಳ ನಡುವೆ ಎತ್ತರದಲ್ಲಿ ಹಲಗೆ ಹಾಸಿದ ದಾರಿ. ಇದರ ಲೆಕ್ಕ ದೋಣಿಗೆ ತಿರುಗುಮುರುಗು. ದೋಣಿಗೆ ಭರತ ಬೇಕು, ಇದಕ್ಕೆ ಇಳಿತ. ನೀರು ಸರಿದ ಮೇಲೆಯೇ ಕೆಸರಿನ ಮೇಲೆ ಒಂದೇ ದೊಡ್ಡ ಕೊಂಬಿನ ಸಣ್ಣ ಏಡಿಗಳು ಹೊರಬಂದು ಕೊಂಬು ಬೀಸಿ ಕರೆಯುವುದು, ಕೆಸರಿನಲ್ಲಿ ಕುಪ್ಪಳಿಸುವ ಮೀನು ಕಾಣುವುದು. ಬೆಳಿಗ್ಗೆ ಭರತಕ್ಕೆ ದೋಣಿ, ಆಮೇಲೆ ಊಟ, ಭರತ ಕಳೆದು ಮೂರು ತಾಸಿನ ನಂತರ ನಡಿಗೆದಾರಿ. ಈ ಕ್ರಮದಲ್ಲಿ ಹೋದರೆ ಎರಡೂ ದಕ್ಕುತ್ತವೆ. ಹಲಗೆ ಒದ್ದೆಯಿದ್ದರೆ ಜಾರುತ್ತದೆ, ಉಪ್ಪುಗಾಳಿಗೆ ಮೊಳೆ ಮೇಲೆದ್ದ ಕಡೆ ಎಡವುವ ಭಯ. ರಜಾದಿನಗಳಲ್ಲಿ ಮದುವೆ ಮುಂಚಿನ ಫೋಟೋಶೂಟಿನವರ ಗುಂಪು ದಾರಿ ತುಂಬಿಕೊಳ್ಳುತ್ತದೆ. ವಾರದ ದಿನ ಹೋದರೆ ನೆಮ್ಮದಿ.

ಕಾಳಿ ಮತ್ತು ಅಘನಾಶಿನಿಗೆ ಹೋಲಿಸಿದರೆ ಹೇಗೆ? ಕಾರವಾರದ ಕಾಳಿ ಅಗಲ, ಬಯಲು. ಸದಾಶಿವಗಡದ ಗುಡ್ಡ ಹಿನ್ನೆಲೆಗಿರುವ ನೋಟ ಹೊನ್ನಾವರದಲ್ಲಿ ಇಲ್ಲ. ಗಾಳಿಗೆ ಅಲೆ ಬೇಗ ಏಳುತ್ತದೆ, ಹಾಗಾಗಿ ಅಲ್ಲಿ ಬೆಳಿಗ್ಗೆ ಹತ್ತರೊಳಗೆ ಮುಗಿಸಬೇಕು. ಅಘನಾಶಿನಿಯಲ್ಲಿ ತಯಾರಿ ಮಾಡಿದ ಪ್ರವಾಸ ಕಡಿಮೆ, ಬದುಕು ಹೆಚ್ಚು. ತದಡಿಯಿಂದ ಆಚೆ ದಂಡೆಗೆ ಜನರನ್ನು ದಾಟಿಸುವ ದೋಣಿ, ಭರತದ ಉಪ್ಪುನೀರು ಹತ್ತುವ ಗಜನಿ ಗದ್ದೆಗಳು, ಉಪ್ಪುನೀರು ತಾಳುವ ಕಗ್ಗ ಭತ್ತ. ಈ ಅಳಿವೆ 2024ರ ಜನವರಿಯಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಹಕ್ಕಿ, ಬಳಚು, ಗಜನಿ ನೋಡುವ ಮನಸ್ಸಿದ್ದವರು ಅಲ್ಲಿಗೇ ಹೋಗಿ. ಮನೆಮಂದಿಯೆಲ್ಲ ಸೇರಿ, ಅಜ್ಜಿ–ಮೊಮ್ಮಕ್ಕಳ ಜೊತೆ, ನೆರಳಿನ ದೋಣಿಯಲ್ಲಿ ಕಾಂಡ್ಲಾ ನೋಡಿ ಬರುವುದಕ್ಕೆ ಮೂರರಲ್ಲಿ ಶರಾವತಿಯೇ ಮೇಲು. ಇದಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಒಂದು ಅಂಕ ಹಿಡಿದದ್ದು ತೊಳೆಯದೆ ಹಸಿಯಾಗಿಯೇ ಮುಂದಿನವರಿಗೆ ಕೊಡುವ ಜಾಕೆಟ್ಟಿಗೆ, ದೋಣಿಯಲ್ಲಿ ಹಾಕುವ ಸ್ಪೀಕರಿಗೆ, ಮತ್ತು ಹತ್ತುವ ಕಡೆ ಹೆಂಗಸರಿಗೆ ನೆಟ್ಟಗಿನ ಶೌಚಾಲಯ ಸಿಗುವ ಖಾತ್ರಿ ಇಲ್ಲದ್ದಕ್ಕೆ. ಹೊನ್ನಾವರ ಬಸ್ ನಿಲ್ದಾಣದಲ್ಲೋ ಊಟದ ಹೋಟೆಲಿನಲ್ಲೋ ಮುಗಿಸಿಕೊಂಡೇ ಹೊರಡಿ.

ಕಾಲ ನವೆಂಬರಿನಿಂದ ಫೆಬ್ರವರಿ. ಮಾರ್ಚ್ ನಂತರ ಬಿಸಿಲು, ಬೆಳಗಿನ ಸವಾರಿಯಷ್ಟೇ ಸಾಧ್ಯ. ಜೂನಿನಿಂದ ಮಳೆ ನಿಲ್ಲುವವರೆಗೆ ಹೋಗಬೇಡಿ. ಕೆಂಪು ನೀರಿನಲ್ಲಿ ಮರದ ದಿಮ್ಮಿಗಳು ತೇಲಿ ಬರುತ್ತವೆ, ಅಣೆಕಟ್ಟಿನ ಗೇಟು ತೆಗೆದರೆ ಹೊಳೆಯ ಸ್ವಭಾವವೇ ಬದಲಾಗುತ್ತದೆ. ಟೊಪ್ಪಿ, ತಲೆಗೊಂದು ಬಾಟಲಿ ನೀರು, ಮೊಬೈಲಿಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒಂದು ಟವೆಲು ಸಾಕು. ತಿಂಡಿಯ ಪೊಟ್ಟಣ ಬೇಡ, ಗಾಳಿಗೆ ಹಾರಿ ನೇರ ಬೇರಿನ ಸಂದಿಗೆ ಸೇರುತ್ತದೆ. ರೈಲಿನಲ್ಲಿ ಬರುವವರು ಗಮನಿಸಿ, ನಿಲ್ದಾಣ ಪಟ್ಟಣದಿಂದ ಹೊರಗಿದೆ, ಮರಳುವ ಆಟೋವನ್ನು ಮೊದಲೇ ಗೊತ್ತು ಮಾಡಿ. ಊಟಕ್ಕೆ ಮೀನು ತಿನ್ನುವವರು ಒಂದೂವರೆಯೊಳಗೆ ಹೋಟೆಲ್ ಸೇರಿ. ಎರಡು ದಾಟಿದರೆ ಶೆಟ್ಲಿ (ಸೀಗಡಿ) ಮುಗಿದಿರುತ್ತದೆ, ಬಂಗಡೆ ಮಾತ್ರ ಉಳಿದಿರುತ್ತದೆ.